ಅಗ್ನಿಶಾಮಕ ನೌಕರಿ: ಎದೆಗಾರಿಕೆಗಿಂತ ಸಮಾಧಾನ ದೊಡ್ಡದು, ಆದ್ರೆ ವಯಸ್ಸು ಕಾಯೋದಿಲ್ಲ

ವಿಜಯಪುರ: 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಆಟ ಆಡ್ತಿದ್ದ ಪುಟ್ಟ ಕೂಸು ತೆರೆದ ಕೊಳವೆಬಾವಿಗೆ ಬಿತ್ತು. ತಲೆ ಕೆಳಗೆ, ಕಾಲು ಮೇಲೆ. ಸುಮಾರು 16 ಅಡಿ ಆಳದಲ್ಲಿ ಸಿಕ್ಕಿಕೊಂಡಿತ್ತು. ರಾತ್ರಿಯಿಡೀ ಜಿಲ್ಲೆಯ ಜನ ಟಿವಿ ಮುಂದೆ, ಮೊಬೈಲ್ ಮುಂದೆ ಕೂತಿದ್ರು. ಗುಡಿ, ಮಸೀದಿಗಳಲ್ಲಿ ಪ್ರಾರ್ಥನೆ ನಡೆದವು. ಮರುದಿನ ಮಧ್ಯಾಹ್ನ, ಸುಮಾರು 20 ಗಂಟೆಗಳ ನಂತರ, ಕೂಸು ಜೀವಂತ ಹೊರಗೆ ಬಂತು.

ಆ ರಾತ್ರಿ ಜನರಿಗೆ ಕಂಡಿದ್ದು ಹಿಟಾಚಿ, ಜೆಸಿಬಿ, ಲೈಟು, ಗದ್ದಲ. ಆದ್ರೆ ಕೂಸನ್ನು ಉಳಿಸಿದ್ದು ಅವಸರ ಅಲ್ಲ. ಕೊಳವೆಬಾವಿಯ ಪಕ್ಕದಲ್ಲಿ ಸಮಾನಾಂತರ ಗುಂಡಿ ತೋಡಿ, ನಡುವೆ ಕಲ್ಲು ಅಡ್ಡ ಬಂದಾಗ ಯಂತ್ರದ ಜೋರು ಕಡಿಮೆ ಮಾಡಿ, ಕೊನೆಯ ಕೆಲವು ಅಡಿಗಳನ್ನು ಇಂಚು ಇಂಚಾಗಿ ಕೊರೆದ ಕೈಗಳು ಉಳಿಸಿದವು. ಯಂತ್ರ ಜೋರಾಗಿ ನಡುಗಿಸಿದ್ದರೆ ಮಣ್ಣು ಕುಸಿದು ಕೂಸಿನ ಮೇಲೆ ಬೀಳ್ತಿತ್ತು. ಸುತ್ತ ಸಾವಿರ ಜನ "ಲಗೂ ತೋಡ್ರಿ" ಅಂತ ಕೂಗ್ತಿರುವಾಗ ನಿಧಾನ ಮಾಡೋದು ಸಣ್ಣ ಕೆಲಸ ಅಲ್ಲ. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ರಾಜ್ಯ ವಿಪತ್ತು ಸ್ಪಂದನಾ ಪಡೆ, ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಸಿಬ್ಬಂದಿ ಮಾಡಿದ್ದು ಅದನ್ನೇ.

ಇದೇ ಜಿಲ್ಲೆಯ ನಾಗಠಾಣದಲ್ಲಿ 2014ರಲ್ಲಿ ಕೊಳವೆಬಾವಿಗೆ ಬಿದ್ದ ಹುಡುಗಿ ಬದುಕಲಿಲ್ಲ. ಆ ನೋವು ಗೊತ್ತಿದ್ದ ಜಿಲ್ಲೆಗೆ ಲಚ್ಯಾಣದ 20 ಗಂಟೆ ಬರೀ ಸುದ್ದಿ ಆಗಿರಲಿಲ್ಲ.

ಅದಾದ ಮೇಲೆ ತಾಲ್ಲೂಕಿನ ಮೈದಾನಗಳಲ್ಲಿ ಒಂದು ಮಾತು ಹೆಚ್ಚಾಗಿದೆ. ಪೊಲೀಸ್, ಸೈನ್ಯ, ಕೆಎಸ್‌ಆರ್‌ಟಿಸಿ ಅಂತ ತಯಾರಿ ಮಾಡೋ ಹುಡುಗರು "ಫೈರ್ ಡಿಪಾರ್ಟ್‌ಮೆಂಟ್ ಕಾಲ್‌ಫಾರ್ಮ್ ಯಾವಾಗ?" ಅಂತಲೂ ಕೇಳ್ತಿದ್ದಾರೆ. ಈ ನೌಕರಿಗೆ ಎಂಥವರು ಬೇಕು, ಬಾಗಿಲು ಎಲ್ಲೆಲ್ಲಿ ಇದೆ, ದುಡ್ಡು ಎಲ್ಲಿ ಹಾಳಾಗ್ತದೆ, ಅಂಗಡಿ ಇಟ್ಟವರಿಗೆ ಇದರಲ್ಲಿ ಏನು ಸಂಬಂಧ ಅನ್ನೋದರ ಲೆಕ್ಕ ಇಲ್ಲಿದೆ.

ಸಮಾಧಾನ ಅಂದ್ರೆ ಉಸಿರಿನ ಲೆಕ್ಕ

"ನಮ್ಮ ಹುಡುಗ ಭಾಳ ಧೈರ್ಯವಂತ, ಫೈರ್‌ಗೆ ಸೇರಿಸಬೇಕು" ಅನ್ನೋ ತಂದೆ ತಾಯಿ ಇದ್ದಾರೆ. ಧೈರ್ಯ ಬೇಕು, ಸುಳ್ಳಲ್ಲ. ಆದ್ರೆ ಹೊಗೆ ತುಂಬಿದ ಕೋಣೆಯಲ್ಲಿ ಧೈರ್ಯಕ್ಕಿಂತ ಸಮಾಧಾನವೇ ಹೆಚ್ಚು ಉಪಯೋಗಕ್ಕೆ ಬರ್ತದೆ. ಇದು ಬುದ್ಧಿಮಾತು ಅಲ್ಲ, ಗಣಿತ.

ಹೊಗೆಯೊಳಗೆ ಹೋಗೋ ಸಿಬ್ಬಂದಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೋಗ್ತಾರೆ. ಅದಕ್ಕೆ ಬಿಎ ಸೆಟ್ ಅಂತಾರೆ. 6 ಲೀಟರ್ ಅಳತೆಯ ಸಿಲಿಂಡರ್‌ನಲ್ಲಿ 300 ಬಾರ್ ಒತ್ತಡಕ್ಕೆ ಗಾಳಿ ತುಂಬಿದರೆ ಒಟ್ಟು 1800 ಲೀಟರ್ ಗಾಳಿ. ಕೆಲಸ ಮಾಡ್ತಾ, ಆದ್ರೆ ಗಾಬರಿ ಇಲ್ಲದೆ ಉಸಿರಾಡಿದರೆ ನಿಮಿಷಕ್ಕೆ ಸುಮಾರು 40 ಲೀಟರ್ ಖರ್ಚು. ಅಂದ್ರೆ 45 ನಿಮಿಷ. ಗಾಬರಿಯಿಂದ ಏದುಸಿರು ಬಿಟ್ಟರೆ ಅದೇ ಖರ್ಚು ಎರಡು ಪಟ್ಟು ಆಗ್ತದೆ. ಆಗ ಉಳಿಯೋದು 22 ನಿಮಿಷ. ಒಳಗೆ ಹೋಗೋಕೆ ಎಷ್ಟು ಹೊತ್ತು ಬೇಕೋ ಹೊರಗೆ ಬರೋಕೂ ಅಷ್ಟೇ ಬೇಕು. ಗಾಳಿ ಮುಗೀತಾ ಬಂದಾಗ ಸೆಟ್‌ನಲ್ಲಿರೋ ಸೀಟಿ ತಾನಾಗೇ ಊದ್ತದೆ. ಆ ಸೀಟಿ ಕೇಳಿಸಿದ ಮೇಲೂ ಒಳಗೆ ಇರೋನು ಶೂರ ಅಲ್ಲ, ತನ್ನ ಜೊತೆಗಾರನಿಗೂ ಕಂಟಕ.

ನೀರಿನ ಲೆಕ್ಕವೂ ಹೀಗೇ. ಸಾಮಾನ್ಯ ಜಲವಾಹನ ಹೊತ್ತು ತರೋದು ಸುಮಾರು 4,500 ಲೀಟರ್. ಒಂದು ಪೈಪಿನಿಂದ ನಿಮಿಷಕ್ಕೆ 450 ಲೀಟರ್ ಬಿಟ್ಟರೆ 10 ನಿಮಿಷಕ್ಕೆ ಖಾಲಿ. ಹತ್ತಿರ ಕೆರೆ, ಬಾವಿ, ಟ್ಯಾಂಕರ್ ಇಲ್ಲದಿದ್ದರೆ ಮುಂದೆ ನೋಡ್ತಾ ನಿಲ್ಲಬೇಕು. ಬೆಂಕಿಯ ನಾಲಿಗೆ ಎತ್ತರ ಇದ್ದ ಕಡೆಗೆ ನೀರು ಹಾರಿಸೋದು ನೋಡೋಕೆ ಚೆಂದ. ಆದ್ರೆ ಬೆಂಕಿಯ ಬುಡ ಎಲ್ಲಿದೆ, ಮುಂದೆ ಯಾವ ಕಡೆ ಹಬ್ಬಬಹುದು, ಯಾವ ಗೋಡೆ ತಂಪು ಇಟ್ಟರೆ ಪಕ್ಕದ ಅಂಗಡಿ ಉಳಿಯುತ್ತೆ ಅಂತ ಅರ್ಧ ನಿಮಿಷ ನೋಡಿ ನೀರು ಬಿಡೋನೇ ನಿಜವಾದ ಕೆಲಸಗಾರ. "ಬಂದ್ರು, ಇಳದ್ರು, ಸುಮ್ನ ನಿಂತಾರ" ಅಂತ ಜನ ಬೈಯೋದು ಆ ಅರ್ಧ ನಿಮಿಷಕ್ಕೆ.

ಇನ್ನೊಂದು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಲೀಟರ್ ನೀರು ಪೂರ್ತಿ ಆವಿ ಆದ್ರೆ ಸುಮಾರು 1,700 ಲೀಟರ್ ಜಾಗ ಬೇಡ್ತದೆ. ಮುಚ್ಚಿದ ಕೋಣೆಗೆ ಸುಮ್ಮನೆ ನೀರು ಸುರಿದರೆ ಆ ಬಿಸಿ ಆವಿ ವಾಪಸ್ ಬಂದು ಸಿಬ್ಬಂದಿಯನ್ನೇ ಸುಡ್ತದೆ. ಹೆಂಚಿನ ಮೇಲೆ ನೀರು ಚಿಮುಕಿಸಿದಾಗ ಏಳೋ ಆವಿಯನ್ನ ಇಡೀ ಗೋಡೌನ್ ಅಳತೆಗೆ ಊಹಿಸಿಕೊಂಡರೆ ಸಾಕು. ಇದೆಲ್ಲ ತರಬೇತಿಯಲ್ಲಿ ಕಲಿಯೋ ವಿಷಯ. ಸಮಾಧಾನ ಹುಟ್ಟಿನಿಂದ ಬರೋ ಗುಣ ಅಂತ ತಿಳಿದವರು ಇಲ್ಲಿ ತಪ್ತಾರೆ. ಏಣಿ ಹತ್ತೋದು, ಗಂಟು ಹಾಕೋದು, ಕತ್ತಲೆ ಕೋಣೆಯಲ್ಲಿ ಗೋಡೆ ಸವರ್ತಾ ಮುಂದೆ ಹೋಗೋದು, ಪೈಪ್ ಬಿಚ್ಚೋದು ಇವನ್ನೆಲ್ಲ ನೂರು ಸಲ ಮಾಡಿದ ಕೈಗೆ ನೂರಾ ಒಂದನೇ ಸಲ ಗಾಬರಿ ಆಗೋದಿಲ್ಲ. ಮನಸ್ಸು ಹೆದರಿದರೂ ಕೈ ತನ್ನ ಕೆಲಸ ಮಾಡ್ತದೆ.

ಬೆಂಕಿಗಿಂತ ಬೇರೆ ಕೆಲಸವೇ ಜಾಸ್ತಿ

ಇಲಾಖೆಯ ಹೆಸರಲ್ಲೇ ಉತ್ತರ ಇದೆ. ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. 1964ರ ಅಗ್ನಿಶಾಮಕ ದಳ ಕಾಯ್ದೆಯಡಿ ಹುಟ್ಟಿದ ಇಲಾಖೆಗೆ ಈಗ ಬೆಂಕಿ ಕರೆ, ರಕ್ಷಣಾ ಕರೆ ಎರಡೂ ಬರ್ತವೆ.

ತಾಲ್ಲೂಕು ಮಟ್ಟದ ಠಾಣೆಗೆ ಬರೋ ಕರೆಗಳಲ್ಲಿ ಸಿನಿಮಾದಲ್ಲಿ ತೋರಿಸೋ ಹತ್ತು ಅಂತಸ್ತಿನ ಕಟ್ಟಡ ಇರೋದಿಲ್ಲ. ಬೇಸಿಗೆಯಲ್ಲಿ ಮೇವಿನ ಬಣವೆ, ವಿದ್ಯುತ್ ತಂತಿ ತಾಗಿ ಉರಿಯೋ ಕಬ್ಬಿನ ಗದ್ದೆ, ಹೆದ್ದಾರಿಯಲ್ಲಿ ಪಲ್ಟಿಯಾದ ಟ್ಯಾಂಕರ್, ಬಾವಿಗೆ ಬಿದ್ದ ಎಮ್ಮೆ, ಮಳೆಗಾಲದಲ್ಲಿ ಹಳ್ಳ ದಾಟೋಕೆ ಹೋಗಿ ಕೊಚ್ಚಿಹೋದವರ ಹುಡುಕಾಟ, ಅಪಘಾತವಾದ ಕಾರಿನ ಬಾಗಿಲು ಕೊಯ್ದು ಜನರನ್ನ ತೆಗೆಯೋದು. ಇವೇ ಕೆಲಸ. ಬಣವೆ ಬೆಂಕಿ ಸಣ್ಣದು ಅನಿಸಬಹುದು. ಆದ್ರೆ ವರ್ಷದ ಮೇವು ಹೋದ ರೈತ ಗಾಡಿ ತಡವಾದದ್ದಕ್ಕೆ ಕೊರಳಪಟ್ಟಿ ಹಿಡಿಯೋಕೆ ಬರ್ತಾನೆ. ಅವನ ಮುಂದೆ ದನಿ ಏರಿಸದೆ "ಅಣ್ಣಾರ, ಮೊದಲ ದನಾ ಬಿಚ್ಚಿ ದೂರ ಕಟ್ಟ್ರಿ" ಅಂತ ಹೇಳಿ ಕೆಲಸ ಶುರು ಮಾಡೋದೂ ನೌಕರಿಯ ಭಾಗ.

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ 7 ಕಾರ್ಮಿಕರು ಸತ್ತರು. ಅಲ್ಲಿ ಬೆಂಕಿ ಇರಲಿಲ್ಲ, ಕಾಳಿನ ಕೆಳಗೆ ಮನುಷ್ಯರು ಇದ್ದರು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು 19 ಜನ ಸತ್ತಾಗ ದಿನಗಟ್ಟಲೆ ಸ್ಲ್ಯಾಬ್ ಕೆಳಗಿಂದ ಜನರನ್ನ ತೆಗೆಯಲಾಯಿತು. ಅಂಥ ಕಡೆ ಒಂದು ಕಲ್ಲು ತಪ್ಪು ಕಡೆಯಿಂದ ಎಳೆದರೆ ಒಳಗೆ ಉಸಿರಾಡ್ತಿರೋ ಇನ್ನೊಬ್ಬನ ಮೇಲೆ ಬೀಳ್ತದೆ.

ಹೀಗಾಗಿ ಈ ನೌಕರಿಗೆ ಬರೋರು ತಮ್ಮನ್ನ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ "ನನಗೆ ಬೆಂಕಿ ಅಂದ್ರೆ ಹೆದರಿಕೆ ಇದೆಯಾ" ಅನ್ನೋದಲ್ಲ. ರಸ್ತೆಯಲ್ಲಿ ಅಪಘಾತ ಆದಾಗ ನಾನು ಫೋನ್ ತೆಗೆದು ವಿಡಿಯೋ ಮಾಡ್ತೀನಾ, 112ಕ್ಕೆ ಫೋನ್ ಮಾಡ್ತೀನಾ? ಮೇಲಿನವರು ಹೇಳಿದ ಮಾತು ಇಷ್ಟ ಇಲ್ಲದಿದ್ದರೂ ಆ ಹೊತ್ತಿಗೆ ಕೇಳ್ತೀನಾ? ಎರಡು ತಾಸು ಏನೂ ಮಾಡದೆ ಕೂತು, ಗಂಟೆ ಬಾರಿಸಿದ ಕೂಡಲೇ ಎದ್ದು ಓಡೋಕೆ ಆಗ್ತದಾ? ಸುಟ್ಟ ಶವ ನೋಡಿದ ರಾತ್ರಿ ಮನೆಗೆ ಹೋಗಿ ಊಟ ಮಾಡೋಕೆ ಆಗ್ತದಾ, ಆಗದಿದ್ದರೆ ಜೊತೆಗಾರರ ಹತ್ತಿರ ಹೇಳಿಕೊಳ್ತೀನಾ? ಕೊನೆಯ ಪ್ರಶ್ನೆಗೆ "ಗಂಡಸು ಇದನ್ನೆಲ್ಲ ಹೇಳ್ಕೋಬಾರದು" ಅನ್ನೋ ಉತ್ತರ ಇಟ್ಟುಕೊಂಡವರು ಬೇಗ ಬಳಲ್ತಾರೆ. ಸಮಾಧಾನ ಅಂದ್ರೆ ಕಲ್ಲಾಗೋದು ಅಲ್ಲ.

ಬಾಗಿಲು ಎಲ್ಲೆಲ್ಲಿ ಇದೆ

ಮೊದಲು ಒಂದು ಗೊಂದಲ ಬಗೆಹರಿಯಲಿ. ಅಗ್ನಿವೀರ ಬೇರೆ, ಅಗ್ನಿಶಾಮಕ ಬೇರೆ. ಅಗ್ನಿವೀರ ಅಂದ್ರೆ 2022ರಲ್ಲಿ ಶುರುವಾದ ಸೈನ್ಯದ ನಾಲ್ಕು ವರ್ಷದ ಸೇವೆ. ಹೆಸರು ಒಂದೇ ಥರ ಕೇಳಿಸ್ತದೆ ಅಂತ ಸೈಬರ್ ಸೆಂಟರ್‌ನಲ್ಲಿ ತಪ್ಪು ಅರ್ಜಿ ಹಾಕಬೇಡಿ.

ರಾಜ್ಯ ಇಲಾಖೆ: 2020ರ ಜೂನ್‌ನಲ್ಲಿ ಬಂದ ಅಧಿಸೂಚನೆಯಲ್ಲಿ ಒಟ್ಟು 1,567 ಹುದ್ದೆ ಇದ್ದವು. ಅದರಲ್ಲಿ ಅಗ್ನಿಶಾಮಕ 1,222, ಅಗ್ನಿಶಾಮಕ ಚಾಲಕ 227, ಚಾಲಕ ತಂತ್ರಜ್ಞ 82, ಠಾಣಾಧಿಕಾರಿ 36. ಅಗ್ನಿಶಾಮಕ ಹುದ್ದೆಗೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕಿತ್ತು. ಚಾಲಕ ಹುದ್ದೆಗೆ ಭಾರಿ ವಾಹನದ ಲೈಸೆನ್ಸ್ ಬೇಕಿತ್ತು. ಠಾಣಾಧಿಕಾರಿಗೆ ಪದವಿ ಬೇಕು. ಯಾವ ವಿಷಯದ ಪದವಿ ಅನ್ನೋದನ್ನ ಅಧಿಸೂಚನೆಯಲ್ಲೇ ಓದಿಕೊಳ್ಳಬೇಕು. ಆಯ್ಕೆಯಾದವರಿಗೆ ಇಲಾಖೆಯೇ ತರಬೇತಿ ಕೊಡ್ತದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರೋ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದಕ್ಕೆ ಹೆಸರಾದ ಜಾಗ.

ಲಾರಿ, ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿರೋ ಹುಡುಗರು ಚಾಲಕ ಹುದ್ದೆಯನ್ನ ಸಣ್ಣದು ಅಂದುಕೊಳ್ಳೋದು ತಪ್ಪು. ನಾಲ್ಕೂವರೆ ಟನ್ ನೀರು ತುಂಬಿದ ಗಾಡಿ ತಿರುವಿನಲ್ಲಿ ಸುಮ್ಮನೆ ಇರೋದಿಲ್ಲ, ನೀರು ಒಳಗೆ ಅಲುಗಾಡಿ ಗಾಡಿಯನ್ನ ಎಳೀತದೆ. ಸೈರನ್ ಹಾಕಿಕೊಂಡು ಸಂತೆ ದಿನದ ಬಜಾರ್ ದಾಟೋದು ಹಗುರ ಕೆಲಸ ಅಲ್ಲ. ಸ್ಥಳಕ್ಕೆ ಮುಟ್ಟಿದ ಮೇಲೆ ಪಂಪ್ ನೋಡಿಕೊಳ್ಳೋನೂ ಅವನೇ. ಒಳಗೆ ಪೈಪ್ ಹಿಡಿದವನ ಜೀವ ಹೊರಗೆ ಪಂಪ್ ಹಿಡಿದವನ ಕೈಯಲ್ಲಿ ಇರ್ತದೆ.

ಸಿಐಎಸ್‌ಎಫ್: ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ತನ್ನದೇ ಅಗ್ನಿಶಾಮಕ ವಿಭಾಗ ಇದೆ. ದೊಡ್ಡ ಸರ್ಕಾರಿ ಕಾರ್ಖಾನೆ, ಸ್ಥಾವರಗಳಲ್ಲಿ ಇವರ ಕೆಲಸ. 2024ರಲ್ಲಿ ಕಾನ್‌ಸ್ಟೆಬಲ್ ಫೈರ್ ಹುದ್ದೆಗೆ ದೇಶದಾದ್ಯಂತ 1,130 ಜನರನ್ನ ಕರೆದಿದ್ದರು. ಪಿಯುಸಿ ವಿಜ್ಞಾನ, ವಯಸ್ಸು 18ರಿಂದ 23, ಪುರುಷರಿಗೆ ಮಾತ್ರ. 5 ಕಿಲೋಮೀಟರನ್ನ 24 ನಿಮಿಷದಲ್ಲಿ ಓಡಬೇಕು. ಪಿಯುಸಿಯಲ್ಲಿ ಕಲಾ ವಿಭಾಗ ಓದಿದ ಹುಡುಗರು ಇಲ್ಲೇ ಸೋಲ್ತಾರೆ. ಹತ್ತನೇ ತರಗತಿ ಮುಗಿದಾಗ ಈ ಮಾತು ಯಾರೂ ಹೇಳಿರೋದಿಲ್ಲ.

ವಿಮಾನ ನಿಲ್ದಾಣ: ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದಲ್ಲಿ ಜೂನಿಯರ್ ಅಸಿಸ್ಟೆಂಟ್ (ಫೈರ್ ಸರ್ವಿಸ್) ಅನ್ನೋ ಹುದ್ದೆ ಇದೆ. ಪಿಯುಸಿ, ಇಲ್ಲವೇ ಎಸ್ಸೆಸ್ಸೆಲ್ಸಿ ನಂತರ ಮೆಕ್ಯಾನಿಕಲ್, ಆಟೊಮೊಬೈಲ್ ಅಥವಾ ಫೈರ್ ವಿಷಯದ ಮೂರು ವರ್ಷದ ಡಿಪ್ಲೊಮಾ. ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ರನ್‌ವೇಯ ಯಾವ ಮೂಲೆಯಲ್ಲಿ ಅವಘಡ ಆದರೂ ಅಗ್ನಿಶಾಮಕ ವಾಹನ ಮೂರು ನಿಮಿಷದೊಳಗೆ ಮುಟ್ಟಬೇಕು. ಅಗ್ನಿಶಾಮಕ ವ್ಯವಸ್ಥೆ ಇಲ್ಲದೆ ನಾಗರಿಕ ವಿಮಾನ ನಿಲ್ದಾಣಕ್ಕೆ ಪರವಾನಗಿ ಸಿಗೋದಿಲ್ಲ. ಬುರಣಾಪುರದ ವಿಮಾನ ನಿಲ್ದಾಣದ ಬಗ್ಗೆ ಮಾತಾಡುವಾಗ ಜಿಲ್ಲೆಯ ಜನ ಟಿಕೆಟ್ ದರದ ಜೊತೆಗೆ ಈ ಕೆಲಸಗಳ ಬಗ್ಗೆಯೂ ವಿಚಾರಿಸೋದು ಒಳ್ಳೆಯದು.

ನಾಗಪುರ: ಕೇಂದ್ರ ಗೃಹ ಇಲಾಖೆಯ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇರೋದು ನಾಗಪುರದಲ್ಲಿ. ಪಿಯುಸಿ ವಿಜ್ಞಾನ ಓದಿದವರಿಗೆ ಫೈರ್ ಎಂಜಿನಿಯರಿಂಗ್ ಪದವಿ ಅಲ್ಲಿದೆ. ಸಬ್ ಆಫೀಸರ್ ಕೋರ್ಸ್ ಕೂಡ ಇದೆ. ವಿಜಯಪುರದಿಂದ ಸೊಲ್ಲಾಪುರ ದಾಟಿ ಹೋಗೋ ದಾರಿಯಲ್ಲೇ ಇರೋ ಈ ಕಾಲೇಜಿನ ಹೆಸರು ನಮ್ಮ ಪಿಯು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಕಾಣೋದು ಅಪರೂಪ.

ಹುಡುಗಿಯರಿಗೆ: ಇದು ಗಂಡಸರ ಕೆಲಸ ಅನ್ನೋ ಮಾತು ಹಳೆಯದಾಯಿತು. ನಾಗಪುರದ ಆ ಕಾಲೇಜಿಗೆ 2002ರಲ್ಲಿ ಮೊದಲ ಹುಡುಗಿಯಾಗಿ ಸೇರಿದ ಹರ್ಷಿಣಿ ಕಾನ್ಹೇಕರ್ ಮುಂದೆ ಒಎನ್‌ಜಿಸಿಯಲ್ಲಿ ಕೆಲಸ ಮಾಡಿದರು. ಪಕ್ಕದ ಕೇರಳದಲ್ಲಿ ಮಹಿಳಾ ಅಗ್ನಿಶಾಮಕ ಸಿಬ್ಬಂದಿಯ ಮೊದಲ ತಂಡ 2024ರಲ್ಲಿ ತರಬೇತಿ ಮುಗಿಸಿ ಠಾಣೆಗಳಿಗೆ ಬಂತು. ಅಡುಗೆಮನೆಯಲ್ಲಿ ಸಿಲಿಂಡರ್ ಪೈಪಿಗೆ ಬೆಂಕಿ ಹತ್ತಿದಾಗ ಕೂಗದೆ ರೆಗ್ಯುಲೇಟರ್ ಬಂದ್ ಮಾಡೋ ಅವ್ವಂದಿರನ್ನ ನೋಡಿದ ಊರಿಗೆ ಹೆಣ್ಣುಮಕ್ಕಳ ಸಮಾಧಾನದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ.

ದುಡ್ಡು ಎಲ್ಲಿ ಹಾಳಾಗ್ತದೆ

ಜಿಲ್ಲಾ ಕೇಂದ್ರಗಳಲ್ಲಿ, ಈಗ ತಾಲ್ಲೂಕುಗಳಲ್ಲೂ "ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ, 100% ನೌಕರಿ" ಅನ್ನೋ ಫ್ಲೆಕ್ಸ್‌ಗಳು ಕಾಣ್ತವೆ. ಇವೆಲ್ಲ ಮೋಸ ಅಂತ ಹೇಳೋಕೆ ಆಗೋದಿಲ್ಲ. ಕಾರ್ಖಾನೆ, ದೊಡ್ಡ ಹೋಟೆಲ್, ಆಸ್ಪತ್ರೆ, ಮಾಲ್‌ಗಳಲ್ಲಿ ಸುರಕ್ಷತೆ ನೋಡಿಕೊಳ್ಳೋರು ಬೇಕು. ಗಲ್ಫ್ ದೇಶಗಳಿಗೂ ಜನ ಹೋಗ್ತಾರೆ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೂ ಇಂಥ ಕೆಲಸ ಇದೆ.

ಸಮಸ್ಯೆ ಇರೋದು ಬೇರೆ ಕಡೆ. ಈ ಡಿಪ್ಲೊಮಾ ಮಾಡಿದ್ರೆ ಸರ್ಕಾರಿ ಅಗ್ನಿಶಾಮಕ ಹುದ್ದೆ ಸಿಗ್ತದೆ ಅಂತ ನಂಬಿಸೋದು. 2020ರ ಅಧಿಸೂಚನೆಯಲ್ಲಿ ಅಗ್ನಿಶಾಮಕ ಹುದ್ದೆಗೆ ಕೇಳಿದ್ದು ಎಸ್ಸೆಸ್ಸೆಲ್ಸಿ. ಹೀಗಿರುವಾಗ ಹೊಲ ಅಡವಿಟ್ಟು, ಬಡ್ಡಿ ಸಾಲ ಮಾಡಿ ಫೀ ಕಟ್ಟೋ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಪ್ರಮಾಣಪತ್ರ ಕೊಡೋದು ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿ? ನಾನು ಹೋಗಬೇಕೆಂದಿರೋ ನೌಕರಿಯ ಅಧಿಸೂಚನೆಯಲ್ಲಿ ಆ ಹೆಸರು ಇದೆಯಾ? ಒಳಗೆ ಬಿಎ ಸೆಟ್, ಪಂಪ್, ಏಣಿ, ಪೈಪ್ ಇವೆಯಾ, ಬರೀ ಪ್ರೊಜೆಕ್ಟರ್ ಇದೆಯಾ? ಹೋದ ವರ್ಷ ಪಾಸಾದವರ ಹತ್ತಿರ ನೇರ ಮಾತಾಡೋಕೆ ಕೊಡ್ತಾರಾ? ನಾಲ್ಕನೇ ಪ್ರಶ್ನೆಗೆ ಮುಖ ತಿರುಗಿಸಿದ್ರೆ ಅಲ್ಲಿಂದ ಎದ್ದು ಬರೋದೇ ಲೇಸು.

"ಒಳಗ ನಮ್ಮ ಮಂದಿ ಅದಾರ, ಇಷ್ಟು ಕೊಟ್ರ ಆಗ್ತದ" ಅನ್ನೋರು ಇನ್ನೂ ಅಪಾಯಕಾರಿ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತೋ ಅಧಿಸೂಚನೆ ಪಿಡಿಎಫ್‌ಗಳನ್ನೂ ಇಲಾಖೆಯ ಅಧಿಕೃತ ವೆಬ್‌ಸೈಟಿನಲ್ಲಿ ನೋಡಿಯೇ ನಂಬಬೇಕು.

ಕಾಯೋರ ವಯಸ್ಸು

ಈಗ ನಿಜವಾದ ಕಗ್ಗಂಟಿಗೆ ಬರೋಣ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗೋವರೆಗೂ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸೋದು ಬೇಡ ಅಂತ ರಾಜ್ಯ ಸಚಿವ ಸಂಪುಟ 2024ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗದ ವರದಿ ಬಂತು. 2025ರ ಆಗಸ್ಟ್‌ನಲ್ಲಿ ಶೇ 17ರ ಮೀಸಲಾತಿಯನ್ನು 6, 6, 5 ಅಂತ ಹಂಚೋ ನಿರ್ಧಾರ ಆಯಿತು. ಒಳಮೀಸಲಾತಿ ದಶಕಗಳ ಹೋರಾಟದ ಬೇಡಿಕೆ, ಅದನ್ನ ಸರಿಯಾಗಿ ಮಾಡೋದು ನ್ಯಾಯ. ಆದ್ರೆ ನಡುವೆ ಹೋದ ತಿಂಗಳುಗಳು ಎಲ್ಲ ಜಾತಿಯ ಹುಡುಗರ ವಯಸ್ಸಿನಿಂದ ಹೋದವು.

2020ರ ಅಧಿಸೂಚನೆಯಲ್ಲಿ ಸಾಮಾನ್ಯ ವರ್ಗಕ್ಕೆ ಗರಿಷ್ಠ ವಯಸ್ಸು 26, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ 28 ಇತ್ತು. ಈ ಲೆಕ್ಕ ಹಿಡಿದರೆ 2020ರಲ್ಲಿ 21 ವರ್ಷದವನಾಗಿ ಸ್ವಲ್ಪದರಲ್ಲಿ ತಪ್ಪಿದ ಸಾಮಾನ್ಯ ವರ್ಗದ ಹುಡುಗ 2026ರಲ್ಲಿ 27ಕ್ಕೆ ಬರ್ತಾನೆ. ಅವನು ಬೆಳಗ್ಗೆ ಐದೂವರೆಗೆ ಎದ್ದು ಓಡಿದ ಐದಾರು ವರ್ಷಕ್ಕೆ ಯಾವ ಕಚೇರಿಯಲ್ಲೂ ಲೆಕ್ಕ ಇಲ್ಲ. ಹಗಲು ಗ್ಯಾರೇಜ್, ಕಿರಾಣಿ ಅಂಗಡಿ, ದ್ರಾಕ್ಷಿ ಶೆಡ್‌ನಲ್ಲಿ ಕೆಲಸ, ರಾತ್ರಿ ಲೈಬ್ರರಿಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ. ಒತ್ತಡದಲ್ಲಿ ಸಮಾಧಾನ ಅನ್ನೋ ಪರೀಕ್ಷೆಯನ್ನ ಇಲಾಖೆ ತೆಗೆದುಕೊಳ್ಳೋ ಮೊದಲೇ ಈ ಹುಡುಗರು ಬರೀತಿದ್ದಾರೆ.

ನೇಮಕಾತಿ ಅನ್ನೋದು ಬರೀ ನಿರುದ್ಯೋಗಿಗಳ ವಿಷಯ ಅಲ್ಲ. ಗಾಡಿ ಹತ್ತೋಕೆ ಚಾಲಕ, ತಂಡದ ಮುಖ್ಯಸ್ಥ, ಪೈಪ್ ಹಿಡಿಯೋರು, ಹಿಂದೆ ನಿಂತು ನೋಡಿಕೊಳ್ಳೋರು ಬೇಕು. ಒಳಗೆ ಹೋಗೋದು ಯಾವಾಗಲೂ ಇಬ್ಬರು, ಒಬ್ಬರೇ ಹೋಗಬಾರದು. ಜನ ಕಡಿಮೆ ಇದ್ದರೆ ಒಬ್ಬನೇ ಎರಡು ಕೆಲಸ ಮಾಡಬೇಕು. ಎಷ್ಟೇ ತರಬೇತಿ ಆದವನಾದರೂ ಆಗ ಸಮಾಧಾನ ಕಳೆದುಕೊಳ್ತಾನೆ. ಅವನ ಗುಣದಲ್ಲಿ ಕೊರತೆ ಅಲ್ಲ, ಅವನ ಪಕ್ಕದಲ್ಲಿ ಇರಬೇಕಾದ ಮನುಷ್ಯನ ಕೊರತೆ.

ರಾಜ್ಯಗಳ ಅಗ್ನಿಶಾಮಕ ಸೇವೆ ಆಧುನೀಕರಣಕ್ಕೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ 5,000 ಕೋಟಿ ರೂಪಾಯಿ ಯೋಜನೆ ಶುರು ಮಾಡಿದೆ. ಹೊಸ ಠಾಣೆ, ಗಾಡಿ, ಸಲಕರಣೆಗೆ ಇದರಿಂದ ಅನುಕೂಲ. ಆದ್ರೆ ಆ ಗಾಡಿ ಹತ್ತೋ ಮನುಷ್ಯನನ್ನ ನೇಮಿಸೋ ಕೆಲಸ ರಾಜ್ಯದ್ದು. ಜಿಲ್ಲೆಯ ಶಾಸಕರು ಹೊಸ ಗಾಡಿಗೆ ಹಸಿರು ನಿಶಾನೆ ತೋರಿಸೋ ಫೋಟೊ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಗಾಡಿಗೆ ಮೂರೂ ಪಾಳಿಗೆ ಸಾಕಾಗೋಷ್ಟು ಜನ ಇದ್ದಾರಾ?

ಅಂಗಡಿಕಾರರಿಗೆ ಇದರಲ್ಲಿ ಏನು

2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಇಳಿಸುವಾಗ ಹತ್ತಿದ ಬೆಂಕಿಗೆ ಹತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹಬ್ಬದ ಕೆಲಸಕ್ಕೆ ಬಂದ ಹುಡುಗರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ತಡೆಯಲಾರದೆ ಕೆಲವರು ಮೇಲಿನಿಂದ ಜಿಗಿದರು. ಮೆಟ್ಟಿಲ ಬಾಗಿಲಿಗೆ ಬೀಗ ಇದ್ದರೆ ಯಾರ ಸಮಾಧಾನವೂ ಉಪಯೋಗಕ್ಕೆ ಬರೋದಿಲ್ಲ ಅನ್ನೋದು ಅಲ್ಲಿಯ ಪಾಠ.

ಕರೆ ಹೋದ ಮೇಲೆ ನಗರದಲ್ಲಿ 5ರಿಂದ 7 ನಿಮಿಷ, ಹಳ್ಳಿ ಕಡೆ 20 ನಿಮಿಷದೊಳಗೆ ಗಾಡಿ ಮುಟ್ಟಬೇಕು ಅನ್ನೋದು ದೇಶದಲ್ಲಿ ಒಪ್ಪಿರೋ ಅಳತೆ. ತಾಲ್ಲೂಕು ಕೇಂದ್ರದಿಂದ ಗಡಿ ಹಳ್ಳಿಗಳಿಗೆ ಇರೋ ದೂರ, ರಸ್ತೆ ಎರಡೂ ಎಲ್ಲರಿಗೂ ಗೊತ್ತು. ಹಾಗಾಗಿ ಮೊದಲ ಹತ್ತಿಪ್ಪತ್ತು ನಿಮಿಷ ಅಂಗಡಿಕಾರರದ್ದೇ, ಪಕ್ಕದ ಮನೆಯವರದ್ದೇ.

ಅದಕ್ಕೆ ದೊಡ್ಡ ಖರ್ಚು ಬೇಡ. ಮೇನ್ ಸ್ವಿಚ್ ಎಲ್ಲಿದೆ ಅಂತ ಕೆಲಸದ ಹುಡುಗನಿಗೂ ಗೊತ್ತಿರಬೇಕು. ಅದರ ಮುಂದೆ ಚೀಲ ಒಟ್ಟಿರಬಾರದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ತದೆ. ವಾಸನೆ ಬಂದ್ರೆ ಲೈಟ್ ಹಾಕೋದೂ ಬೇಡ, ಆರಿಸೋದೂ ಬೇಡ, ಬಾಗಿಲು ತೆರೆದು ಹೊರಗೆ ಬರಬೇಕು. ಕರೆಂಟಿನ ಬೆಂಕಿಗೂ ಕಾದ ಎಣ್ಣೆಯ ಬೆಂಕಿಗೂ ನೀರು ಹಾಕಬಾರದು. ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರ್ ಶೋಗೆ ಅಲ್ಲ. ಸಣ್ಣ ಸಿಲಿಂಡರಿನ ಪುಡಿ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗ್ತದೆ. ಹಾಗಾಗಿ ಪಿನ್ ಎಳೆದು ಬೆಂಕಿಯ ಬುಡಕ್ಕೆ ಹಿಡಿಯೋದನ್ನ ಮೊದಲೇ ಒಮ್ಮೆ ಕಲಿತಿರಬೇಕು. 101 ಅಥವಾ 112ಕ್ಕೆ ಫೋನ್ ಮಾಡಿದಾಗ "ಬೆಂಕಿ ಬಿದ್ದದ, ಲಗೂ ಬರ್ರಿ" ಅಂತ ಇಟ್ಟುಬಿಟ್ಟರೆ ಆಗೋದಿಲ್ಲ. ಊರು, ಓಣಿ, ಹತ್ತಿರದ ಗುರುತು, ಏನು ಉರೀತಿದೆ, ಒಳಗೆ ಯಾರಾದ್ರೂ ಇದ್ದಾರಾ ಅನ್ನೋ ಐದು ಮಾತು ಹೇಳಿ, ಅವರು ಇಡೋವರೆಗೂ ಫೋನ್ ಇಡಬಾರದು. ಒಬ್ಬ ಮುಖ್ಯ ರಸ್ತೆಗೆ ಹೋಗಿ ಗಾಡಿಗೆ ದಾರಿ ತೋರಿಸಬೇಕು. ಬಜಾರ್‌ನಲ್ಲಿ ರಸ್ತೆಗೆ ಚಾಚಿರೋ ತಗಡಿನ ಶೆಡ್, ಅಡ್ಡಾದಿಡ್ಡಿ ನಿಲ್ಲಿಸಿದ ಬೈಕ್‌ಗಳು ಗಾಡಿಯನ್ನ ನಿಲ್ಲಿಸ್ತವೆ. ಆಮೇಲೆ "ಗಾಡಿ ಯಾಕ ತಡಾ ಆತು?" ಅಂತ ಕೇಳಿದರೆ ಉತ್ತರ ನಮ್ಮ ಅಂಗಡಿ ಮುಂದೆಯೇ ನಿಂತಿರ್ತದೆ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೀತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ, ಸ್ಫೋಟಕ ಎರಡನ್ನೂ ತುಂಬಿದ್ದ ಫೋರ್ಟ್ ಸ್ಟಿಕಿನ್ ಹಡಗಿಗೆ ಬೆಂಕಿ ಬಿದ್ದು ಸಿಡಿದಾಗ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ಈ ವಾರ. ಆ ದಿನಗಳಲ್ಲಿ ಠಾಣೆಯವರು ಶಾಲೆ, ಬಜಾರ್‌ಗೆ ಬಂದು ಪ್ರಾತ್ಯಕ್ಷಿಕೆ ಕೊಡ್ತಾರೆ. ವ್ಯಾಪಾರಸ್ಥರ ಸಂಘದವರು ಫೋಟೊಗೆ ನಿಲ್ಲೋದರ ಜೊತೆಗೆ ಪ್ರತಿ ಅಂಗಡಿಯಿಂದ ಒಬ್ಬ ಹುಡುಗನ ಕೈಗೆ ಸಿಲಿಂಡರ್ ಕೊಟ್ಟು ಬೆಂಕಿ ಆರಿಸಿಸಿದರೆ ಸಾಕು.

ಕಾಯೋ ಹೊತ್ತಲ್ಲಿ ಮಾಡಬಹುದಾದದ್ದು

ಅಧಿಸೂಚನೆ ಬರೋವರೆಗೂ ಬರೀ ಓಡೋದರಿಂದ ಕಾಲು ಗಟ್ಟಿ ಆಗ್ತದೆ, ಮನಸ್ಸಿಗೆ ಬೇರೆ ಅಭ್ಯಾಸ ಬೇಕು. ಗೃಹರಕ್ಷಕ ದಳ ಸೇರಬಹುದು. ಕಾಲೇಜಿನಲ್ಲಿ ಇರೋರಿಗೆ ಎನ್‌ಸಿಸಿ ಇದೆ. ಕೇಂದ್ರದ ಆಪದ ಮಿತ್ರ ಯೋಜನೆಯಲ್ಲಿ ದೇಶದ 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ವಿಪತ್ತು ತರಬೇತಿ ಕೊಡೋ ಗುರಿ ಇಟ್ಟುಕೊಂಡಿದ್ದರು. ಇಂಥ ತರಬೇತಿ ಮುಂದೆ ಯಾವಾಗ ಅಂತ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಕೇಳಬಹುದು. ಈಜು, ಪ್ರಥಮ ಚಿಕಿತ್ಸೆ, ಭಾರಿ ವಾಹನದ ಲೈಸೆನ್ಸ್ ಈ ಮೂರೂ ಅಗ್ನಿಶಾಮಕ ನೌಕರಿ ಸಿಗದಿದ್ದರೂ ವ್ಯರ್ಥ ಆಗೋದಿಲ್ಲ.

ಕೇರಳದಲ್ಲಿ ಪ್ರತಿ ಅಗ್ನಿಶಾಮಕ ಠಾಣೆಗೆ 50 ಜನರಂತೆ ನಾಗರಿಕ ರಕ್ಷಣಾ ಸ್ವಯಂಸೇವಕರನ್ನ ಜೋಡಿಸಿ ತರಬೇತಿ ಕೊಟ್ಟಿದ್ದಾರೆ. ಇಲ್ಲಿಯ ಮೈದಾನದಲ್ಲಿ ದಿನಾ ಓಡೋ ಹುಡುಗರನ್ನ ತಿಂಗಳಿಗೆ ಎರಡು ಭಾನುವಾರ ಠಾಣೆಗೆ ಕರೆದು ಪೈಪ್ ಬಿಚ್ಚಿಸಿ, ಏಣಿ ಹತ್ತಿಸಿದರೆ ಸರ್ಕಾರಕ್ಕೆ ಹೆಚ್ಚು ಖರ್ಚು ಆಗೋದಿಲ್ಲ. ಊರಿಗೆ ಕೈಗಳು ಸಿಗ್ತವೆ, ಹುಡುಗರಿಗೂ ಈ ಕೆಲಸ ತಮಗೆ ಒಗ್ಗುತ್ತಾ ಇಲ್ವಾ ಅಂತ ಮೊದಲೇ ತಿಳೀತದೆ.

ಲಚ್ಯಾಣದ ಕೊಳವೆಬಾವಿ ಸುತ್ತ ಆ ರಾತ್ರಿ ನಿಂತಿದ್ದ ಸಾವಿರಾರು ಜನರಲ್ಲಿ ಇಂಥ ಹುಡುಗರೂ ಇದ್ದರು. ಅವರಿಗೆ ಅವತ್ತು ಸಿಕ್ಕ ಕೆಲಸ ಜನರನ್ನ ಹಿಂದೆ ಸರಿಸೋದು ಮಾತ್ರ. ಮುಂದಿನ ಸಲ ಗುಂಡಿಯ ಒಳಗೆ ಇಳಿಯೋಕೆ ಕಲಿತ ಕೈಗಳು ಇದೇ ತಾಲ್ಲೂಕಿನಿಂದ ಸಿಗಬೇಕಾದರೆ, ಅವರಿಗೆ 26 ತುಂಬೋ ಮೊದಲು ಅಧಿಸೂಚನೆ ಬರಬೇಕು.